ವಿಂಡೋಸ್ 98: ರ‍್ಯಾಮ್ 1 ಜಿಬಿ ಮಾಡಿದ ಮೇಲೆ ‘ಮೆಮೊರಿ ಸಾಲದು’ ಎನ್ನುತ್ತಿದೆ, ಪ್ರೋಗ್ರಾಂಗಳು ಬೀಳುತ್ತಿವೆ

ಹಳೇಪೆಟ್ಟಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಯಂತ್ರದ ವಿವರ ಮೊದಲು: ವಿಂಡೋಸ್ 98 ಸೆಕೆಂಡ್ ಎಡಿಷನ್, ಪೆಂಟಿಯಂ 4 1.8 ಗಿಗಾಹರ್ಟ್ಸ್, 845 ಚಿಪ್‌ಸೆಟ್‌ನ ಡಿಡಿಆರ್ ಬೋರ್ಡ್, 128 ಎಂಬಿಯ ಎಜಿಪಿ ಗ್ರಾಫಿಕ್ಸ್ ಕಾರ್ಡ್. 256 ಎಂಬಿಯ ಒಂದು ಸ್ಟಿಕ್ ತೆಗೆದು 512 ಎಂಬಿಯ ಎರಡು ಸ್ಟಿಕ್ ಹಾಕಿದ್ದೇನೆ. ಬಯೋಸ್‌ನಲ್ಲಿ (ಯಂತ್ರ ಹಾಕಿದ ಕೂಡಲೇ ಓಡುವ ಬೋರ್ಡ್‌ನ ಸ್ವಂತ ಪ್ರೋಗ್ರಾಂ) 1 ಜಿಬಿ ಸರಿಯಾಗಿ ಕಾಣುತ್ತದೆ. ಅಲ್ಲಿಂದ ಶುರುವಾದ ತೊಂದರೆಗಳು ಇವು.

ಒಂದು, ಕೆಲವು ಸಲ ಬೂಟ್ ಆಗುವಾಗಲೇ ಕಪ್ಪು ಪರದೆಯಲ್ಲಿ ‘ಇನ್‌ಸಫಿಶಿಯಂಟ್ ಮೆಮೊರಿ ಟು ಇನಿಶಿಯಲೈಸ್ ವಿಂಡೋಸ್’ ಎಂದು ಬಂದು ನಿಂತುಬಿಡುತ್ತದೆ. ಎರಡು, ಬೂಟ್ ಆದರೂ ಎಂಎಸ್-ಡಾಸ್ ಪ್ರಾಂಪ್ಟ್ ಕಿಟಕಿ ತೆರೆಯುವುದಿಲ್ಲ, ಪ್ರೋಗ್ರಾಂ ನಡೆಸಲು ಮೆಮೊರಿ ಸಾಲದು ಎನ್ನುತ್ತದೆ. ಮೂರು, ಒಂದೆರಡು ತಾಸು ಕೆಲಸ ಮಾಡಿದ ಮೇಲೆ ಮೆನುಗಳಲ್ಲಿ ಅಕ್ಷರ ಮಾಯ, ಐಕಾನ್‌ಗಳು ಕಪ್ಪು ಚೌಕ, ಹೊಸ ಕಿಟಕಿ ಅರ್ಧ ಬಿಡಿಸಿಕೊಂಡು ನಿಲ್ಲುತ್ತದೆ. ಇದು 256 ಎಂಬಿ ಇದ್ದಾಗಲೂ ಆಗಾಗ ಇತ್ತು. ನಾಲ್ಕು, ಯಾವ ಪ್ರೋಗ್ರಾಂ ಎಂದಿಲ್ಲ, ‘ಇನ್‌ವ್ಯಾಲಿಡ್ ಪೇಜ್ ಫಾಲ್ಟ್’ ಎಂದು ಮುಚ್ಚಿಹೋಗುತ್ತದೆ. ಸಂದೇಶದಲ್ಲಿ ಒಮ್ಮೆ ಕರ್ನಲ್32 (ವಿಂಡೋಸ್‌ನದೇ ಒಂದು ಮೂಲ ಫೈಲ್) ಹೆಸರು, ಇನ್ನೊಮ್ಮೆ ಬೇರೇನೋ ಮಾಡ್ಯೂಲ್.

256 ಎಂಬಿಯಲ್ಲಿ ನಡೆಯುತ್ತಿದ್ದ ಯಂತ್ರ ನಾಲ್ಕು ಪಟ್ಟು ಕೊಟ್ಟ ಮೇಲೆ ಮೆಮೊರಿ ಇಲ್ಲ ಎನ್ನುವುದು ಹೇಗೆ? ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡಲೇ?

---

ಪುಟಪಾಲಕ

ದಯವಿಟ್ಟು ಇನ್‌ಸ್ಟಾಲ್‌ಗೆ ಕೈ ಹಾಕಬೇಡಿ. ಹೊಸದಾಗಿ ಹಾಕಿದರೂ ಮೊದಲ ಬೂಟ್‌ನಲ್ಲೇ ಅದೇ ಸಂದೇಶ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಇರುವುದು ಒಂದೇ ಕಾಯಿಲೆಯಲ್ಲ, ನನ್ನ ಲೆಕ್ಕಕ್ಕೆ ಮೂರು. ಒಂದು ಮತ್ತು ಎರಡನೆಯ ಲಕ್ಷಣಕ್ಕೆ ಮಾತ್ರ ಬೇರು ಒಂದೇ, ಅದನ್ನು ಹೇಳುತ್ತೇನೆ.

ಅಲ್ಲಿ ಮುಗಿದಿರುವುದು ರ‍್ಯಾಮ್ ಅಲ್ಲ, ವಿಳಾಸ. ಜಾಗ ಬೇಕಾದಷ್ಟಿದೆ, ಬಾಗಿಲಿಗೆ ಹಾಕುವ ನಂಬರ್ ಖಾಲಿಯಾಗಿದೆ. 32 ಬಿಟ್ ವ್ಯವಸ್ಥೆಯಲ್ಲಿ ಒಟ್ಟು 4 ಜಿಬಿ ವಿಳಾಸ. ವಿಂಡೋಸ್ 95, 98, ಮಿಲೇನಿಯಂ ಮೂರೂ ಅದನ್ನು ಹಂಚುವ ರೀತಿ ಹೀಗೆ: 4 ಎಂಬಿಯಿಂದ 2 ಜಿಬಿವರೆಗೆ ಪ್ರತಿ ಪ್ರೋಗ್ರಾಂಗೂ ಅದರದೇ ಖಾಸಗಿ ಜಾಗ, 2ರಿಂದ 3 ಜಿಬಿ ಎಲ್ಲರೂ ಹಂಚಿಕೊಳ್ಳುವ ಡಿಎಲ್ಎಲ್‌ಗಳಿಗೆ (ಹಲವು ಪ್ರೋಗ್ರಾಂಗಳು ಬಳಸುವ ಕೋಡ್ ಫೈಲ್‌ಗಳು), 3ರಿಂದ 4 ಜಿಬಿ ವ್ಯವಸ್ಥೆಗೆ. ಈ ಕೊನೆಯ 1 ಜಿಬಿಯಲ್ಲೇ ವಿಎಕ್ಸ್‌ಡಿ ಎಂಬ ವ್ಯವಸ್ಥೆಯ ಡ್ರೈವರ್‌ಗಳು, ಎಜಿಪಿ ಅಪರ್ಚರ್ (ಗ್ರಾಫಿಕ್ಸ್ ಕಾರ್ಡ್‌ಗೆ ಬಿಟ್ಟ ವಿಳಾಸದ ಜಾಗ), ಪ್ರತಿ ಡಾಸ್ ಕಿಟಕಿಗೆ ಬೇಕಾದ ವರ್ಚುವಲ್ ಮೆಷಿನ್‌ನ (ಆ ಕಿಟಕಿಗೆಂದೇ ಸೃಷ್ಟಿಸುವ ತೋರಿಕೆಯ ಯಂತ್ರ) ಲೆಕ್ಕಪತ್ರ, ಜೊತೆಗೆ ಡಿಸ್ಕ್ ಕ್ಯಾಷ್ (ಡಿಸ್ಕ್‌ನಿಂದ ಓದಿದ್ದನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) ನೋಡಿಕೊಳ್ಳುವ ವಿಕ್ಯಾಷ್, ಎಲ್ಲವೂ ತೂರಿಕೊಳ್ಳಬೇಕು.

ತಪ್ಪು ಮಾಡುವುದು ವಿಕ್ಯಾಷ್. ಬೂಟ್ ಆಗುವಾಗ ಅದು ಇರುವ ರ‍್ಯಾಮ್ ನೋಡಿ ತನ್ನ ಗರಿಷ್ಠ ಗಾತ್ರ ಎಷ್ಟಾಗಬಹುದು ಎಂದು ಲೆಕ್ಕ ಹಾಕುತ್ತದೆ, ಅಷ್ಟಕ್ಕೂ ವಿಳಾಸಗಳನ್ನು ಮುಂಚಿತವಾಗಿಯೇ ಕಾದಿರಿಸುತ್ತದೆ. ಕ್ಯಾಷ್ ನಿಜಕ್ಕೂ ಅಷ್ಟು ಬೆಳೆಯಬೇಕೆಂದಿಲ್ಲ. ಕಾದಿರಿಸಿದರೆ ಸಾಕು, ಬೇರೆಯವರಿಗೆ ಸಿಗುವುದಿಲ್ಲ. 256 ಎಂಬಿ ಇದ್ದಾಗ ಇದು ತಲೆನೋವಾಗಿರಲಿಲ್ಲ. 512 ಎಂಬಿ ದಾಟಿದ ಮೇಲೆ ಆ 1 ಜಿಬಿಯ ಬಹುಭಾಗ ಕ್ಯಾಷ್ ಪಾಲಾಗುತ್ತದೆ. ಡಾಸ್ ಕಿಟಕಿ ತೆರೆಯುವುದು ಎಂದರೆ ಹೊಸ ವರ್ಚುವಲ್ ಮೆಷಿನ್ ಹುಟ್ಟಿಸುವುದು, ಅದಕ್ಕೆ ವಿಳಾಸ ಇಲ್ಲ. ಸಂದೇಶದಲ್ಲಿ ಮಾತ್ರ ‘ಮೆಮೊರಿ ಸಾಲದು’ ಎಂದು ಬರುತ್ತದೆ.

ಮಾಡಬೇಕಾದದ್ದು ಇಷ್ಟು. ಬೂಟ್ ಆಗುವಾಗ ಕಂಟ್ರೋಲ್ ಕೀ ಒತ್ತಿ ಹಿಡಿಯಿರಿ (ಎಫ್8 ಕೂಡ ಆಗುತ್ತದೆ), ಸ್ಟಾರ್ಟ್‌ಅಪ್ ಮೆನುವಿನಲ್ಲಿ ‘ಕಮಾಂಡ್ ಪ್ರಾಂಪ್ಟ್ ಓನ್ಲಿ’ ಆರಿಸಿ. ವಿಂಡೋಸ್ ಫೋಲ್ಡರ್‌ಗೆ ಹೋಗಿ ‘ಸಿಸ್ಟಮ್.ಐಎನ್ಐ’ ಫೈಲ್‌ನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಅದನ್ನು ‘ಎಡಿಟ್’ನಲ್ಲಿ ತೆರೆಯಿರಿ. ಚೌಕ ಕಂಸದಲ್ಲಿ ‘ವಿಕ್ಯಾಷ್’ ಎಂಬ ವಿಭಾಗ ಇರುತ್ತದೆ, ಸಾಮಾನ್ಯವಾಗಿ ಅದರ ಕೆಳಗೆ ಏನೂ ಇರುವುದಿಲ್ಲ. ಅಲ್ಲಿ ಈ ಸಾಲು ಸೇರಿಸಿ:

ಮ್ಯಾಕ್ಸ್‌ಫೈಲ್‌ಕ್ಯಾಷ್=262144

ಓದಲು ಅನುಕೂಲವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ, ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಅಂಕಿ ಕಿಲೋಬೈಟ್‌ನಲ್ಲಿ: 262144 ಎಂದರೆ 256 ಎಂಬಿ. 524288, ಅಂದರೆ 512 ಎಂಬಿ, ಮೇಲಿನ ಮಿತಿ. ನಿಮ್ಮದು 128 ಎಂಬಿಯ ಎಜಿಪಿ ಕಾರ್ಡ್ ಆದ್ದರಿಂದ ಅಷ್ಟು ಮೇಲಕ್ಕೆ ಹೋಗುವುದು ಬೇಡ. ಇಲ್ಲಿ ಜನ ತಪ್ಪುವುದು ಎರಡು ಕಡೆ. ಕೆಬಿ ಬದಲು ಎಂಬಿ ಎಂದುಕೊಂಡು 256 ಎಂದಷ್ಟೇ ಬರೆದರೆ ಕ್ಯಾಷ್ 256 ಕೆಬಿಗೆ ಇಳಿದು ಡಿಸ್ಕ್ ತೆವಳುತ್ತದೆ. ಇನ್ನೊಂದು, ಇರುವ ವಿಭಾಗವನ್ನು ಗಮನಿಸದೆ ಫೈಲ್‌ನ ಕೊನೆಯಲ್ಲಿ ಅದೇ ಹೆಸರಿನ ಎರಡನೇ ವಿಭಾಗ ಬರೆಯುವುದು. ಹಾಗೆ ಮಾಡಬೇಡಿ.

ಜೊತೆಗೆ ಬಯೋಸ್‌ನಲ್ಲಿ ‘ಎಜಿಪಿ ಅಪರ್ಚರ್ ಸೈಜ್’ ನೋಡಿ. 256 ಇದ್ದರೆ 64ಕ್ಕೆ ಇಳಿಸಿ. ಅದು ಕಾರ್ಡ್‌ನ ಸ್ವಂತ ಮೆಮೊರಿಯಲ್ಲ, ಅದೇ 1 ಜಿಬಿಯೊಳಗಿಂದ ಕೀಳುವ ವಿಳಾಸದ ಪಟ್ಟಿ.

ವಿಂಡೋಸ್ ಬಂದ ಮೇಲೆ ‘ಸಿಸ್ಟಮ್ ಮಾನಿಟರ್’ ತೆರೆದು, ‘ಮೆಮೊರಿ ಮ್ಯಾನೇಜರ್’ ಗುಂಪಿನಲ್ಲಿ ‘ಮ್ಯಾಕ್ಸಿಮಮ್ ಡಿಸ್ಕ್ ಕ್ಯಾಷ್ ಸೈಜ್’ ಸೇರಿಸಿ ನೋಡಿ. ನೀವು ಬರೆದ ಅಂಕಿಯೇ ಅಲ್ಲಿ ಕಂಡರೆ ಸಾಲು ಕೆಲಸ ಮಾಡಿದೆ. ಸಿಸ್ಟಮ್ ಮಾನಿಟರ್ ಮೆನುವಿನಲ್ಲಿ ಇಲ್ಲದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ‘ಆ್ಯಡ್/ರಿಮೂವ್ ಪ್ರೋಗ್ರಾಮ್ಸ್’ನಲ್ಲಿ ‘ವಿಂಡೋಸ್ ಸೆಟಪ್’ ಹಾಳೆಯಿಂದ ಹಾಕಿಕೊಳ್ಳಬಹುದು.

---

ಕೀಲಿಮಣೆ

ಇಷ್ಟೆಲ್ಲ ಯಾಕೆ? ವಿಂಡೋಸ್‌ನ ಹೊಂದಾಣಿಕೆ ಬದಲಿಸುವ ‘ಎಂಎಸ್‌ಕಾನ್ಫಿಗ್’ ತೆರೆದು, ‘ಅಡ್ವಾನ್ಸ್ಡ್’ ಬಟನ್ ಒತ್ತಿ, ‘ಲಿಮಿಟ್ ಮೆಮೊರಿ ಟು’ ಎಂಬಲ್ಲಿ 512 ಹಾಕಿದರೆ ಮುಗಿಯಿತು. 98ಕ್ಕೆ ಅದಕ್ಕಿಂತ ಹೆಚ್ಚು ಬೇಕೂ ಇಲ್ಲ.

---

ಪುಟಪಾಲಕ

ಅದೂ ಒಂದು ದಾರಿ, ತಪ್ಪಲ್ಲ. ಆದರೆ ವಿಂಡೋಸ್ ಬೂಟ್ ಆದರೆ ತಾನೇ ಎಂಎಸ್‌ಕಾನ್ಫಿಗ್ ತೆರೆಯುವುದು. ಬೂಟ್ ಆಗದಿದ್ದರೆ ಅದನ್ನೇ ಕೈಯಲ್ಲಿ ಬರೆಯಬೇಕು: ಸಿಸ್ಟಮ್.ಐಎನ್ಐನ ‘386ಎನ್ಹ್’ ವಿಭಾಗದಲ್ಲಿ ಮ್ಯಾಕ್ಸ್‌ಫಿಸ್‌ಪೇಜ್=20000. ಇದು ಹದಿನಾರರ ಎಣಿಕೆಯ ಅಂಕಿ, ಘಟಕ 4 ಕೆಬಿಯ ಪುಟ. ಆ ಎಣಿಕೆಯ 20000 ಎಂದರೆ ನಮ್ಮ ಎಣಿಕೆಯಲ್ಲಿ 131072 ಪುಟ, ನಾಲ್ಕರಿಂದ ಗುಣಿಸಿದರೆ 524288 ಕೆಬಿ, ಸರಿಯಾಗಿ 512 ಎಂಬಿ. 30000 ಬರೆದರೆ 768 ಎಂಬಿ. ಹತ್ತರ ಎಣಿಕೆಯಲ್ಲಿ ಲೆಕ್ಕ ಹಾಕಿ 131072 ಎಂದೇ ಬರೆದರೆ ಅದು 4 ಜಿಬಿಗೂ ಮೇಲಿನ ಮಿತಿ ಎಂದಾಗುತ್ತದೆ, ಅಂದರೆ ಮಿತಿಯೇ ಇಲ್ಲದಂತೆ.

ನಾನು ಮೊದಲು ಕ್ಯಾಷ್ ಮಿತಿ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಅರ್ಧ ರ‍್ಯಾಮನ್ನು ವಿಂಡೋಸ್ ಕಣ್ಣಿಂದ ಮರೆಮಾಡಿದರೆ ನಾಲ್ಕನೇ ಲಕ್ಷಣವೂ ಆಕಸ್ಮಿಕವಾಗಿ ಮಾಯವಾಗಬಹುದು. ಕೆಟ್ಟ ಚಿಪ್ ಮೇಲಿನ ಅರ್ಧದಲ್ಲಿದ್ದರೆ ಅದು ಬಳಕೆಗೇ ಬರುವುದಿಲ್ಲ, ವಾಸಿಯಾಯಿತು ಎಂದುಕೊಂಡು ಬಿಡುತ್ತೀರಿ. ಕೆಟ್ಟ ಸ್ಟಿಕ್ ಮಾತ್ರ ಬೋರ್ಡ್‌ನಲ್ಲೇ ಕೂತಿರುತ್ತದೆ.

---

ಕಿಟಕಿಬಾಗಿಲು

ಮೂರನೇ ಲಕ್ಷಣದ ಬಗ್ಗೆ. ಕಪ್ಪು ಐಕಾನ್, ಅಕ್ಷರವಿಲ್ಲದ ಮೆನು, ಅರ್ಧ ಬಿಡಿಸಿದ ಕಿಟಕಿ: ಇದಕ್ಕೂ ರ‍್ಯಾಮ್ ಎಷ್ಟಿದೆ ಎನ್ನುವುದಕ್ಕೂ ಸಂಬಂಧವೇ ಇಲ್ಲ. 256 ಎಂಬಿಯಲ್ಲೂ ಇತ್ತು ಎಂದು ನೀವೇ ಬರೆದಿದ್ದೀರಿ, ಸುಳಿವು ಅಲ್ಲೇ ಇದೆ.

ವಿಂಡೋಸ್ 3.1ರ ಕಾಲದಿಂದ ಉಳಿದುಬಂದ 16 ಬಿಟ್‌ನ ಎರಡು ಪುಟ್ಟ ಕಣಜಗಳಿವೆ, ಒಂದೊಂದು 64 ಕೆಬಿ. ಒಂದರ ಹೆಸರು ಯೂಸರ್, ಇನ್ನೊಂದು ಜಿಡಿಐ. ಕಿಟಕಿ, ಮೆನುಗಳ ಲೆಕ್ಕ ಯೂಸರ್‌ನಲ್ಲಿ. ಪೆನ್, ಬ್ರಷ್, ಫಾಂಟ್, ಚಿತ್ರಗಳ ಲೆಕ್ಕ ಜಿಡಿಐನಲ್ಲಿ. 95 ಬಂದಾಗ ಇದರಲ್ಲಿ ಬಹಳಷ್ಟನ್ನು ದೊಡ್ಡ 32 ಬಿಟ್ ಕಣಜಕ್ಕೆ ಸಾಗಿಸಿದರು, ಆದರೆ ಹಳೆಯ 16 ಬಿಟ್ ಪ್ರೋಗ್ರಾಂಗಳು ನಡೆಯಬೇಕಲ್ಲ ಎಂದು ಎಲ್ಲವನ್ನೂ ಸಾಗಿಸಲಿಲ್ಲ. ಆ 64 ಕೆಬಿ ತುಂಬಿತೆಂದರೆ 1 ಜಿಬಿ ಖಾಲಿ ಬಿದ್ದಿದ್ದರೂ ಹೊಸ ಬ್ರಷ್ ಒಂದೂ ಹುಟ್ಟುವುದಿಲ್ಲ. ಬ್ರಷ್ ಇಲ್ಲದೆ ಬಿಡಿಸಿದ ಐಕಾನ್ ಕಪ್ಪು ಚೌಕವಾಗಿ ಕಾಣುತ್ತದೆ.

‘ರಿಸೋರ್ಸ್ ಮೀಟರ್’ ಹಾಕಿಕೊಳ್ಳಿ, ಸಿಸ್ಟಮ್ ಮಾನಿಟರ್ ಇರುವ ‘ಸಿಸ್ಟಮ್ ಟೂಲ್ಸ್’ ಮೆನುವಿನಲ್ಲೇ ಅದೂ ಇದೆ. ಗಡಿಯಾರದ ಪಕ್ಕ ಕೂರುತ್ತದೆ, ಎರಡು ಸಲ ಒತ್ತಿದರೆ ಮೂರು ಪಟ್ಟಿ ತೋರಿಸುತ್ತದೆ: ಸಿಸ್ಟಮ್, ಯೂಸರ್, ಜಿಡಿಐ. ಸಿಸ್ಟಮ್ ಎಂಬುದು ಬೇರೆಯದೇನಲ್ಲ, ಉಳಿದೆರಡರಲ್ಲಿ ಯಾವುದು ಕಮ್ಮಿಯೋ ಅದು. ಶೇಕಡಾ 20ಕ್ಕಿಂತ ಕೆಳಗೆ ಬಂದಾಗ ಕೆಲಸ ಉಳಿಸಿಕೊಂಡು ಪ್ರೋಗ್ರಾಂಗಳನ್ನು ಮುಚ್ಚಿ. 10ರ ಕೆಳಗೆ ಹೋದರೆ ಮುಂದಿನ ಕ್ಲಿಕ್ ಏನು ಮಾಡುತ್ತದೋ ಹೇಳಲಾಗದು.

ಯಾರು ತಿನ್ನುತ್ತಿದ್ದಾರೆ ಎಂದು ಹಿಡಿಯುವುದು ಹೀಗೆ. ಬೂಟ್ ಆದ ಕೂಡಲೇ ಮೂರೂ ಅಂಕಿ ಕಾಗದದ ಮೇಲೆ ಬರೆದುಕೊಳ್ಳಿ. ಅನುಮಾನ ಇರುವ ಪ್ರೋಗ್ರಾಂ ತೆರೆದು, ಐದು ನಿಮಿಷ ಬಳಸಿ, ಮುಚ್ಚಿ, ಮತ್ತೆ ಬರೆಯಿರಿ. ಮೊದಲ ಸಲ ಎರಡು ಮೂರು ಶೇಕಡಾ ವಾಪಸ್ ಬಾರದಿದ್ದರೆ ಗಾಬರಿ ಬೇಡ, ಫಾಂಟ್ ಮತ್ತು ಡಿಎಲ್ಎಲ್‌ಗಳು ಒಳಗೇ ಉಳಿದಿರುತ್ತವೆ. ಅದೇ ಪ್ರೋಗ್ರಾಂ ಎರಡನೇ ಸಲ, ಮೂರನೇ ಸಲ ತೆರೆದು ಮುಚ್ಚಿದಾಗಲೂ ಪ್ರತಿ ಬಾರಿ ಇಳಿಯುತ್ತಲೇ ಹೋದರೆ ಕಳ್ಳ ಸಿಕ್ಕಂತೆ. 32 ಬಿಟ್ ಪ್ರೋಗ್ರಾಂ ಮುಚ್ಚಿದಾಗ ಅದು ಬಿಟ್ಟುಹೋದದ್ದನ್ನು ವಿಂಡೋಸ್ ಗುಡಿಸಿಕೊಳ್ಳುತ್ತದೆ. 16 ಬಿಟ್‌ನದ್ದನ್ನು ಮಾತ್ರ ಎಲ್ಲ 16 ಬಿಟ್ ಪ್ರೋಗ್ರಾಂಗಳೂ ಮುಚ್ಚುವವರೆಗೆ ಮುಟ್ಟುವುದಿಲ್ಲ, ಯಾಕೆಂದರೆ 3.1ರ ದಿನಗಳಲ್ಲಿ ಒಂದು ಪ್ರೋಗ್ರಾಂ ಮಾಡಿದ ಬ್ರಷನ್ನು ಇನ್ನೊಂದು ಬಳಸುವ ರೂಢಿ ಇತ್ತು. ಹಾಗಾಗಿ ಒಂದು 16 ಬಿಟ್ ಪ್ರೋಗ್ರಾಂ ಇಡೀ ದಿನ ತೆರೆದೇ ಇದ್ದರೆ ಬೇರೆ 16 ಬಿಟ್ ಪ್ರೋಗ್ರಾಂಗಳ ಕಸವೂ ಇಡೀ ದಿನ ಉಳಿಯುತ್ತದೆ.

ಎಂಎಸ್‌ಕಾನ್ಫಿಗ್‌ನ ‘ಸ್ಟಾರ್ಟ್‌ಅಪ್’ ಹಾಳೆಯಲ್ಲಿ ಗಡಿಯಾರದ ಪಕ್ಕ ಬಂದು ಕೂರುವವರನ್ನೆಲ್ಲ ಟಿಕ್ ತೆಗೆಯಿರಿ. ‘ಸಿಸ್ಟ್ರೇ’, ‘ಸ್ಕ್ಯಾನ್‌ರೆಜಿಸ್ಟ್ರಿ’ ಇರಲಿ. ಬೂಟ್ ಆದಾಗಲೇ 70ರ ಆಸುಪಾಸು ಇದ್ದರೆ, ದಿನದ ಕೊನೆಗೆ 10ಕ್ಕೆ ಬರುವುದರಲ್ಲಿ ಆಶ್ಚರ್ಯವಿಲ್ಲ.

---

ಬಿಟ್ಟುಹೋದಬಿಟ್

ಇನ್ನು ನಾಲ್ಕನೆಯದು. ಇದರಲ್ಲಿ ಸಂದೇಶವನ್ನು ಪೂರ್ತಿ ಓದದೆ ಏನೂ ಹೇಳಲಾಗದು. ಮುಂದಿನ ಸಲ ಬಂದಾಗ ‘ಕ್ಲೋಸ್’ ಒತ್ತುವ ಮೊದಲು ‘ಡೀಟೇಲ್ಸ್’ ಒತ್ತಿ, ಮೊದಲ ಸಾಲನ್ನು ಬರೆದುಕೊಳ್ಳಿ: ಯಾವ ಪ್ರೋಗ್ರಾಂ, ಯಾವ ಮಾಡ್ಯೂಲ್, ಯಾವ ವಿಳಾಸ. ಇದಕ್ಕಿಂತ ಸುಲಭ, ‘ರನ್’ನಲ್ಲಿ ‘ಡಿಆರ್‌ವಾಟ್ಸನ್’ ಎಂದು ಟೈಪ್ ಮಾಡಿ ಡಾಕ್ಟರ್ ವಾಟ್ಸನ್ ಎಬ್ಬಿಸಿಡಿ. ತಾನಾಗಿ ಶುರುವಾಗುವುದಿಲ್ಲ, ಸ್ಟಾರ್ಟ್‌ಅಪ್ ಫೋಲ್ಡರ್‌ನಲ್ಲಿ ಶಾರ್ಟ್‌ಕಟ್ ಇಡಬೇಕು. ಪ್ರತಿ ಬೀಳುವಿಕೆಯನ್ನೂ ವಿಂಡೋಸ್ ಫೋಲ್ಡರ್‌ನೊಳಗಿನ ತನ್ನ ಫೋಲ್ಡರ್‌ನಲ್ಲಿ ಬರೆದಿಡುತ್ತದೆ.

ಐದಾರು ಸಂದೇಶ ಸೇರಿದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಲವೂ ಅದೇ ಪ್ರೋಗ್ರಾಂ, ಅದೇ ಮಾಡ್ಯೂಲ್, ಅದೇ ವಿಳಾಸ ಎಂದಾದರೆ ತಪ್ಪು ಸಾಫ್ಟ್‌ವೇರ್‌ನದ್ದು: ಆ ಪ್ರೋಗ್ರಾಂ, ಇಲ್ಲವೇ ಅದು ಕರೆಯುವ ಡಿಎಲ್ಎಲ್ ಅಥವಾ ಡ್ರೈವರ್. ಕರ್ನಲ್32 ಹೆಸರು ಕಂಡ ಮಾತ್ರಕ್ಕೆ ಅದೇ ಕೆಟ್ಟಿದೆ ಎಂದಲ್ಲ. ‘ಬಿಎಫ್ಎಫ್’ನಿಂದ ಶುರುವಾಗುವ ವಿಳಾಸ ಅದು ಕೂತಿರುವ ಜಾಗ, ಯಾವನೋ ಕೊಟ್ಟ ಕೆಟ್ಟ ಪಾಯಿಂಟರ್ (ಮೆಮೊರಿಯ ವಿಳಾಸ) ಹಿಡಿದು ಹೋಗಿ ಅಲ್ಲಿ ಬಿದ್ದಿದೆ ಅಷ್ಟೆ. ನೀಲಿ ಪರದೆಯಲ್ಲಿ ‘ಫೇಟಲ್ ಎಕ್ಸೆಪ್ಷನ್ 0ಇ’ ಬಂದು, 0028 ಆದ ಮೇಲೆ ‘ಸಿ’ ಅಕ್ಷರದಿಂದ ಶುರುವಾಗುವ ವಿಳಾಸ ಇದ್ದರೆ, ಅದು ಪುಟಪಾಲಕರು ಹೇಳಿದ ವ್ಯವಸ್ಥೆಯ 1 ಜಿಬಿ. ಅಲ್ಲಿ ವಿಎಕ್ಸ್‌ಡಿ ಹೆಸರೂ ಇರುತ್ತದೆ, ಆ ಹೆಸರಿನ ಡ್ರೈವರ್ ಹಿಂದೆ ಬೀಳಿ. 0ಇ ಎಂದರೆ ಪೇಜ್ ಫಾಲ್ಟ್, 0ಡಿ ರಕ್ಷಣೆಯ ಉಲ್ಲಂಘನೆ, 0ಸಿ ಸ್ಟ್ಯಾಕ್ ತಪ್ಪು, 06 ಪ್ರೊಸೆಸರ್‌ಗೆ ಅರ್ಥವಾಗದ ಆದೇಶ.

ನೀವು ಹೇಳಿದ ಹಾಗೆ ಇವತ್ತು ಒಂದು ಪ್ರೋಗ್ರಾಂ, ನಾಳೆ ಇನ್ನೊಂದು, ಮಾಡ್ಯೂಲೂ ಬೇರೆ, ವಿಳಾಸವೂ ಬೇರೆ ಎಂದರೆ ನನ್ನ ಬೆರಳು ರ‍್ಯಾಮ್ ಸ್ಟಿಕ್ ಕಡೆಗೇ. ಇನ್ನೊಂದು ಗುರುತು: ದೊಡ್ಡ ಜಿಪ್ ಅಥವಾ ಕ್ಯಾಬ್ ಫೈಲ್ ಬಿಚ್ಚುವಾಗ ಸಿಆರ್‌ಸಿ (ಮಾಹಿತಿ ಸರಿಯಿದೆಯೇ ಎಂದು ತಾಳೆ ನೋಡುವ ಅಂಕಿ) ತಪ್ಪು ಬರುವುದು, ಅದೇ ಫೈಲ್ ಮತ್ತೊಮ್ಮೆ ಬಿಚ್ಚಿದರೆ ಸರಿಯಾಗಿ ಬರುವುದು. ಬಯೋಸ್ 1 ಜಿಬಿ ಎಣಿಸಿತು ಎಂಬುದು ಇಲ್ಲಿ ಸಾಕ್ಷಿಯಲ್ಲ. ಅದು ಸ್ಟಿಕ್ ಎಷ್ಟು ದೊಡ್ಡದು ಎಂದು ನೋಡುತ್ತದೆಯೇ ಹೊರತು ಪ್ರತಿ ಬಿಟ್ಟನ್ನೂ ಪರೀಕ್ಷಿಸುವುದಿಲ್ಲ.

ಪರೀಕ್ಷೆಗೆ ಮೆಮ್‌ಟೆಸ್ಟ್86+ನ ಹಳೆಯ ಆವೃತ್ತಿ ಒಂದನ್ನು ಫ್ಲಾಪಿ ಅಥವಾ ಸಿಡಿಗೆ ಬರೆದು ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಬಿಡಿ. ಒಂದು ಸುತ್ತು ಸಾಲದು, ಬಿಸಿಯಾದ ಮೇಲಷ್ಟೇ ತಪ್ಪುವ ಚಿಪ್‌ಗಳಿರುತ್ತವೆ. ಒಂದೇ ಒಂದು ಕೆಂಪು ಸಾಲು ಬಂದರೂ ಅದು ತಪ್ಪೇ. ‘ಒಂದೇ ತಾನೆ’ ಎಂದು ಬಿಡುವ ಹಾಗಿಲ್ಲ. ತಪ್ಪು ಬಂದರೆ ವಿಳಾಸ ನೋಡಿ ಯಾವ ಸ್ಟಿಕ್ ಎಂದು ಊಹಿಸುತ್ತ ಕೂರಬೇಡಿ. ಪವರ್ ಕಾರ್ಡ್ ಕಿತ್ತು, ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ, ಒಂದು ಸ್ಟಿಕ್ ತೆಗೆದು ಉಳಿದದ್ದನ್ನು ಪರೀಕ್ಷಿಸಿ. ಆಮೇಲೆ ಅದಲುಬದಲು. ತಪ್ಪು ಸ್ಟಿಕ್ ಜೊತೆ ಹೋಗುತ್ತದೋ ಸ್ಲಾಟ್‌ನಲ್ಲೇ ಉಳಿಯುತ್ತದೋ ನೋಡಿ. ಸ್ಲಾಟ್‌ನಲ್ಲಿ ಉಳಿದರೆ ಧೂಳು ಅಥವಾ ಬೋರ್ಡ್. ಸ್ಟಿಕ್‌ನ ಚಿನ್ನದ ಬೆರಳುಗಳನ್ನು ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಸ್ಲಾಟ್‌ಗೆ ಬೀಳದಂತೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಎರಡೂ ಕಡೆಯ ಕ್ಲಿಪ್ ತಾವಾಗಿ ಟಕ್ ಎನ್ನುವವರೆಗೆ ಒತ್ತಿ.

ಒಂದೊಂದೇ ಇದ್ದಾಗ ಎರಡೂ ಚೆನ್ನಾಗಿದ್ದು ಜೊತೆಯಾದಾಗ ಮಾತ್ರ ತಪ್ಪುತ್ತಿದ್ದರೆ ಚಿಪ್ ಕೆಟ್ಟಿಲ್ಲ, ವೇಗ ಹೊಂದುತ್ತಿಲ್ಲ. ಬಯೋಸ್‌ನಲ್ಲಿ ರ‍್ಯಾಮ್ ಟೈಮಿಂಗ್ ತಾನೇ ಆರಿಸುವಂತಿದ್ದರೆ ಕೈಯಿಂದ ಆರಿಸುವಂತೆ ಬದಲಿಸಿ, ಕ್ಯಾಸ್ ಲೇಟೆನ್ಸಿ (ಕೇಳಿದ್ದನ್ನು ಕೊಡಲು ರ‍್ಯಾಮ್ ತೆಗೆದುಕೊಳ್ಳುವ ಸಮಯ) 2 ಇದ್ದರೆ 2.5 ಮಾಡಿ, ಮತ್ತೆ ಪರೀಕ್ಷಿಸಿ. ಆ ಕಾಲದ ಬೋರ್ಡ್ ಆದ್ದರಿಂದ ಪ್ರೊಸೆಸರ್ ಮತ್ತು ರ‍್ಯಾಮ್ ಸ್ಲಾಟ್ ಸುತ್ತ ಇರುವ ಕೆಪಾಸಿಟರ್‌ಗಳ ತಲೆಯನ್ನೂ ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ಯಾವ ಸ್ಟಿಕ್ ಹಾಕಿದರೂ ಅದೇ ಕಥೆ.

ಇದು ಮುಖ್ಯ: ಮೆಮ್‌ಟೆಸ್ಟ್ ಶುದ್ಧವಾಗಿ ಮುಗಿಯುವವರೆಗೆ ಸ್ಕ್ಯಾನ್‌ಡಿಸ್ಕ್ ಓಡಿಸಬೇಡಿ, ಡೀಫ್ರಾಗ್ ಅಂತೂ ಬೇಡವೇ ಬೇಡ. ಎರಡೂ ಡಿಸ್ಕ್‌ನಲ್ಲಿರುವುದನ್ನು ರ‍್ಯಾಮ್‌ಗೆ ಓದಿ ಮತ್ತೆ ಡಿಸ್ಕ್‌ಗೆ ಬರೆಯುತ್ತವೆ. ಕೆಟ್ಟ ರ‍್ಯಾಮ್ ಮೂಲಕ ಹಾದುಹೋದರೆ ಚೆನ್ನಾಗಿದ್ದ ಫೈಲ್‌ಗಳೂ ಹಾಳಾಗುತ್ತವೆ.

---

ಹಳೇಪೆಟ್ಟಿಗೆ

ಎಲ್ಲರಿಗೂ ತುಂಬ ಧನ್ಯವಾದ. ಫಲಿತಾಂಶ: ಮ್ಯಾಕ್ಸ್‌ಫೈಲ್‌ಕ್ಯಾಷ್ ಸಾಲು ಮತ್ತು ಅಪರ್ಚರ್ 64 ಮಾಡಿದ ಮೇಲೆ ಹತ್ತು ಸಲ ಬೂಟ್ ಮಾಡಿದೆ, ಹತ್ತೂ ಸಲ ಬಂತು. ಡಾಸ್ ಕಿಟಕಿಯೂ ತೆರೆಯುತ್ತಿದೆ. ಮೆಮ್‌ಟೆಸ್ಟ್‌ನಲ್ಲಿ ಒಂದು ಸ್ಟಿಕ್ ಎರಡನೇ ಸುತ್ತಿನಲ್ಲಿ ಕೆಂಪು ತೋರಿಸಿತು, ಎರಡೂ ಸ್ಲಾಟ್‌ನಲ್ಲಿ ಅದೇ ಬಿಟ್. ಅದನ್ನು ತೆಗೆದಿಟ್ಟಿದ್ದೇನೆ, ಉಳಿದ 512 ಎಂಬಿ ರಾತ್ರಿಯಿಡೀ ಶುದ್ಧ. ರಿಸೋರ್ಸ್ ಮೀಟರ್ ಬೂಟ್ ಆದಾಗ 64 ಇತ್ತು, ಸ್ಟಾರ್ಟ್‌ಅಪ್ ಖಾಲಿ ಮಾಡಿದ ಮೇಲೆ 88.

ಉಳಿದಿರುವುದು ಒಂದೇ. ಒಂದು ಡಾಸ್ ಡೇಟಾಬೇಸ್ ಪ್ರೋಗ್ರಾಂ ಇದೆ, ಡಾಸ್ ಮೋಡ್‌ಗೆ ರೀಸ್ಟಾರ್ಟ್ ಮಾಡಿ ನಡೆಸಬೇಕು. ‘ಪ್ರೋಗ್ರಾಂ ಟೂ ಬಿಗ್ ಟು ಫಿಟ್ ಇನ್ ಮೆಮೊರಿ’ ಎನ್ನುತ್ತದೆ. ಸಿಡಿ ಡ್ರೈವರ್, ಮೌಸ್ ಡ್ರೈವರ್ ಎರಡೂ ಇವೆ. ‘ಮೆಮ್’ ಕೊಟ್ಟರೆ ಅತಿ ದೊಡ್ಡ ಪ್ರೋಗ್ರಾಂಗೆ 531 ಕೆಬಿ ಎಂದು ತೋರಿಸುತ್ತದೆ.

---

ಮೇಲ್ಮಾಳಿಗೆ

ಡಾಸ್‌ಗೆ ನಿಮ್ಮ 512 ಎಂಬಿ ಲೆಕ್ಕಕ್ಕಿಲ್ಲ. ಸಾಮಾನ್ಯ ಪ್ರೋಗ್ರಾಂ ಕೂರಬೇಕಾದದ್ದು ಮೊದಲ 640 ಕೆಬಿಯಲ್ಲಿ. ಅಲ್ಲಿ ಈಗಾಗಲೇ ಡಾಸ್, ಸಿಡಿ ಡ್ರೈವರ್, ಮೌಸ್ ಕೂತಿವೆ. ಅವರನ್ನು 640 ಕೆಬಿ ಮತ್ತು 1 ಎಂಬಿ ನಡುವಿನ ಖಾಲಿ ಕಿಂಡಿಗಳಿಗೆ (ಇದನ್ನೇ ಮೇಲ್ಮಾಳಿಗೆ ಎನ್ನೋಣ, ಡಾಸ್ ಭಾಷೆಯಲ್ಲಿ ಯುಎಂಬಿ) ಹತ್ತಿಸುವುದೇ ಕೆಲಸ.

ಮೊದಲು ‘ಮೆಮ್ /ಸಿ /ಪಿ’ ಕೊಡಿ. ಯಾರು ಎಷ್ಟು ತಿಂದಿದ್ದಾರೆ, ಕೆಳಗೆ ಎಷ್ಟು ಮೇಲೆ ಎಷ್ಟು ಎಂದು ಸಾಲುಸಾಲಾಗಿ ತೋರಿಸುತ್ತದೆ. ‘ಅಪ್ಪರ್’ ಎಂಬ ಕಂಬಸಾಲಿನಲ್ಲಿ ಎಲ್ಲ ಸೊನ್ನೆ ಇದ್ದರೆ ಮೇಲ್ಮಾಳಿಗೆಯ ಬಾಗಿಲೇ ತೆರೆದಿಲ್ಲ. ಆಗ ‘ಕಾನ್ಫಿಗ್.ಸಿಸ್’ನ ತಲೆಯಲ್ಲಿ ಇವು, ಇದೇ ಕ್ರಮದಲ್ಲಿ ಇರಬೇಕು (ಟೈಪ್ ಮಾಡುವುದು ಇಂಗ್ಲಿಷ್‌ನಲ್ಲಿ):

ಡಿವೈಸ್=ಸಿ:\ವಿಂಡೋಸ್\ಹೈಮೆಮ್.ಸಿಸ್
ಡಿವೈಸ್=ಸಿ:\ವಿಂಡೋಸ್\ಇಎಂಎಂ386.ಇಎಕ್ಸ್ಇ ನೋಇಎಂಎಸ್
ಡಾಸ್=ಹೈ,ಯುಎಂಬಿ

ಹೈಮೆಮ್ ಇಲ್ಲದೆ ಎರಡನೆಯದು ನಿಲ್ಲುವುದಿಲ್ಲ, ಎರಡನೆಯದಿಲ್ಲದೆ ಮೂರನೆಯದರ ‘ಯುಎಂಬಿ’ ಬರಿ ಮಾತು. ‘ಡಾಸ್=ಹೈ’ ಡಾಸ್‌ನ ತಿರುಳನ್ನು 1 ಎಂಬಿಯ ಮೇಲಿನ 64 ಕೆಬಿ ತುಂಡಿಗೆ ಸಾಗಿಸುತ್ತದೆ. ಆ ಮೇಲೆ ಸಿಡಿ ಡ್ರೈವರ್ ಸಾಲಿನ ‘ಡಿವೈಸ್’ ಎಂಬುದನ್ನು ‘ಡಿವೈಸ್‌ಹೈ’ ಮಾಡಿ. ಮೌಸ್ ಮತ್ತು ‘ಎಂಎಸ್‌ಸಿಡಿಇಎಕ್ಸ್’ (ಸಿಡಿಗೆ ಡ್ರೈವ್ ಅಕ್ಷರ ಕೊಡುವ ಪ್ರೋಗ್ರಾಂ) ಸಾಲುಗಳ ಆರಂಭದಲ್ಲಿ ‘ಎಲ್ಎಚ್’ (ಮೇಲ್ಮಾಳಿಗೆಗೆ ಹತ್ತಿಸುವ ಆದೇಶ) ಸೇರಿಸಿ. ಇವೆರಡನ್ನೂ ‘ಆಟೊಎಕ್ಸೆಕ್.ಬ್ಯಾಟ್’ನಲ್ಲಿ ಇಡಬೇಡಿ, ವಿಂಡೋಸ್ ಫೋಲ್ಡರ್‌ನ ‘ಡಾಸ್‌ಸ್ಟಾರ್ಟ್.ಬ್ಯಾಟ್’ಗೆ ಹಾಕಿ. ಅದು ಡಾಸ್ ಮೋಡ್‌ಗೆ ರೀಸ್ಟಾರ್ಟ್ ಮಾಡಿದಾಗ ಮಾತ್ರ ಓಡುತ್ತದೆ. ಆಟೊಎಕ್ಸೆಕ್‌ನಲ್ಲಿದ್ದರೆ ವಿಂಡೋಸ್ ಒಳಗೆ ತೆರೆಯುವ ಪ್ರತಿ ಡಾಸ್ ಕಿಟಕಿಯ 640 ಕೆಬಿಯಿಂದಲೂ ಅಷ್ಟು ಕತ್ತರಿಸಿಕೊಳ್ಳುತ್ತದೆ. ಇಷ್ಟು ಮಾಡಿದರೆ 600 ಕೆಬಿ ದಾಟುವುದು ಕಷ್ಟವಲ್ಲ.

ಪ್ರೋಗ್ರಾಂ ಇಎಂಎಸ್ (ಪುಟಪುಟವಾಗಿ ತೋರಿಸುವ ಹೆಚ್ಚುವರಿ ಮೆಮೊರಿ) ಕೇಳಿದರೆ ‘ನೋಇಎಂಎಸ್’ ಬದಲು ‘ರ‍್ಯಾಮ್’ ಬರೆಯಿರಿ. ಅದರ ಬೆಲೆ ಮೇಲ್ಮಾಳಿಗೆಯ 64 ಕೆಬಿ, ಪುಟ ತೋರಿಸುವ ಚೌಕಟ್ಟಿಗೆ ಹೋಗುತ್ತದೆ.

ಇಎಂಎಂ386 ಹಾಕಿದ ಮೇಲೆ ಯಂತ್ರ ಬೂಟ್‌ನಲ್ಲೇ ನೇತುಹಾಕಿಕೊಂಡರೆ ಅದು ಯಾವುದೋ ಕಾರ್ಡ್‌ನ ಆರ್‌ಒಎಂ (ಓದಲು ಮಾತ್ರ ಬರುವ ಮೆಮೊರಿ) ಇರುವ ಜಾಗವನ್ನು ಖಾಲಿ ಎಂದುಕೊಂಡಿದೆ. ಆ ಸಾಲಿನ ಕೊನೆಗೆ ‘ಎಕ್ಸ್=ಎ000-ಎಫ್ಎಫ್ಎಫ್ಎಫ್’ ಸೇರಿಸಿ ನೋಡಿ; ಇಡೀ ಮೇಲ್ಮಾಳಿಗೆ ಹೊರಗಾಗುತ್ತದೆ. ನೇತಾಡುವುದು ನಿಂತರೆ ಕಾರಣ ಅದೇ, ಆಮೇಲೆ ವ್ಯಾಪ್ತಿಯನ್ನು ಅರ್ಧರ್ಧ ಕಮ್ಮಿ ಮಾಡುತ್ತ ಜಗಳದ ಜಾಗ ಹುಡುಕಿ. ವಿಂಡೋಸ್‌ಗೂ ಇಂಥದೇ ಪರೀಕ್ಷೆ ಇದೆ: ಕಮಾಂಡ್ ಪ್ರಾಂಪ್ಟ್‌ನಿಂದ ‘ವಿನ್ /ಡಿ:ಎಕ್ಸ್’.

ಹೆಚ್ಚು ಜಾಗ ಬಿಟ್ಟುಕೊಟ್ಟದ್ದೇ ತಪ್ಪಾಗುವ ಒಂದು ಸಂದರ್ಭ ಇದೆ, ಅನೇಕರು ಇಲ್ಲಿ ದಾರಿ ತಪ್ಪುತ್ತಾರೆ. ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಎಂದು ಬಂದರೆ ಫೈಲ್ ಕೆಟ್ಟಿಲ್ಲ. ಎಕ್ಸ್‌ಇಪ್ಯಾಕ್‌ನಿಂದ ಹಿಸುಕಿದ ಹಳೆಯ ಪ್ರೋಗ್ರಾಂ ಬಿಚ್ಚಿಕೊಳ್ಳುವಾಗ ಮಾಡುವ ಲೆಕ್ಕ ಮೊದಲ 64 ಕೆಬಿಯೊಳಗೆ ಕೂತಾಗ ತಪ್ಪುತ್ತದೆ. ಡಾಸ್ ಮೇಲೆ ಹತ್ತಿದ್ದರಿಂದ ಪ್ರೋಗ್ರಾಂ ಅಷ್ಟು ಕೆಳಕ್ಕೆ ಇಳಿದಿದೆ. ಪ್ರೋಗ್ರಾಂ ಹೆಸರಿಗೆ ಮೊದಲು ‘ಲೋಡ್‌ಫಿಕ್ಸ್’ ಹಾಕಿ ಓಡಿಸಿ, ಅದು 64 ಕೆಬಿಯವರೆಗಿನ ಜಾಗ ತುಂಬಿ ನಿಮ್ಮದನ್ನು ಅದರ ಮೇಲೆ ಕೂರಿಸುತ್ತದೆ.

‘ರನ್‌ಟೈಮ್ ಎರರ್ 200’ ಬಂದರೆ ಮೆಮೊರಿ ಕಡೆ ನೋಡಲೇಬೇಡಿ. ಟರ್ಬೊ ಪ್ಯಾಸ್ಕಲ್ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳೊಳಗಿನ ಸಿಆರ್‌ಟಿ ಯೂನಿಟ್ (ಪರದೆ ನೋಡಿಕೊಳ್ಳುವ ಭಾಗ) ಶುರುವಿನಲ್ಲಿ ಪ್ರೊಸೆಸರ್ ವೇಗ ಅಳೆಯುತ್ತದೆ, ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರ್‌ನಲ್ಲಿ ಭಾಗಾಕಾರದ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಆ ಪ್ರೋಗ್ರಾಂ ಫೈಲ್‌ಗೇ ತೇಪೆ ಹಾಕಬೇಕು.

ಅದೇ ಪ್ರೋಗ್ರಾಂ ವಿಂಡೋಸ್ ಒಳಗೆ ಡಾಸ್ ಕಿಟಕಿಯಲ್ಲಿ ನಡೆಸಬೇಕೆಂದರೆ ಅದರ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ‘ಮೆಮೊರಿ’ ಹಾಳೆ ತೆರೆಯಿರಿ. ‘ಎಕ್ಸ್‌ಟೆಂಡೆಡ್’ (1 ಎಂಬಿಯ ಮೇಲಿನ ಮೆಮೊರಿ) ಎದುರು ‘ಆಟೊ’ ಇರುವುದನ್ನು 16384 ಮಾಡಿ, ಅಂದರೆ 16 ಎಂಬಿ. 64 ಎಂಬಿಗಿಂತ ಹೆಚ್ಚು ಕಂಡರೆ ಎಣಿಕೆ ತಪ್ಪುವ ಹಳೆಯ ಪ್ರೋಗ್ರಾಂಗಳಿವೆ, ಗಾತ್ರವನ್ನು 16 ಬಿಟ್‌ನಲ್ಲಿ ಕಿಲೋಬೈಟ್ ಲೆಕ್ಕದಲ್ಲಿ ಇಡುವುದರಿಂದ ಅದರಾಚೆ ಅವಕ್ಕೆ ಅಂಕಿಯೇ ಇಲ್ಲ.

---

ಬಿಟ್ಟುಹೋದಬಿಟ್

ಕೆಟ್ಟ ಸ್ಟಿಕ್ ಹೊರಬಂತಲ್ಲ, ಇನ್ನು ಸ್ಕ್ಯಾನ್‌ಡಿಸ್ಕ್ ಓಡಿಸಬಹುದು. ಅದಾದ ಮೇಲೆ ‘ರನ್’ನಲ್ಲಿ ‘ಎಸ್ಎಫ್‌ಸಿ’ ಕೊಟ್ಟು ಸಿಸ್ಟಮ್ ಫೈಲ್‌ಗಳನ್ನು ಪರೀಕ್ಷಿಸಿ, ಕೆಟ್ಟದ್ದು ಸಿಕ್ಕರೆ ವಿಂಡೋಸ್ ಸಿಡಿಯಿಂದ ಮೂಲ ಪ್ರತಿ ಕೇಳುತ್ತದೆ. ಆ ಸ್ಟಿಕ್ ಇದ್ದ ದಿನಗಳಲ್ಲಿ ಇನ್‌ಸ್ಟಾಲ್ ಮಾಡಿದ, ಕಾಪಿ ಮಾಡಿದ ಎಲ್ಲವನ್ನೂ ಅನುಮಾನದಿಂದಲೇ ನೋಡಿ. ಮೂಲ ಇನ್ನೂ ಇದ್ದರೆ ‘ಎಫ್‌ಸಿ /ಬಿ’ ಎಂದು ಎರಡೂ ಫೈಲ್‌ಗಳ ಹೆಸರು ಕೊಟ್ಟು ಹೋಲಿಸಿ. ಡೇಟಾಬೇಸ್ ಫೈಲ್‌ಗಳದ್ದು ಮೊದಲು ಮಾಡಿ, ಯಾಕೆಂದರೆ ಅಲ್ಲಿ ಒಂದು ಬಿಟ್ ತಿರುಗಿದರೆ ಪ್ರೋಗ್ರಾಂ ಬೀಳುವುದಿಲ್ಲ, ಒಂದು ಅಂಕಿ ಸುಮ್ಮನೆ ಬದಲಾಗಿರುತ್ತದೆ.